ಎದುರು ಕುರ್ಚಿಯ ವಕಾಲತ್ತು

ನಾನು ವಕೀಲಿ ಕಲಿಯುತ್ತಿದ್ದ ಹೊಸಪೇಟೆಯ ಪುಟ್ಟ ಕಚೇರಿಯ ಹಿರಿಯ ವಕೀಲರು ಕಂಪ್ಲಿಯ ಹರಿಗೋಲು ನಡೆಸುವವರ ಮಗ. ದಾವೆ ಬರೆಯುವ ಮೊದಲು ಎದುರಿನ ಕುರ್ಚಿಯನ್ನು ತಾವೇ ಒರೆಸಿ, ಕಕ್ಷಿದಾರರನ್ನು ಕೂರಿಸಿ, ಪ್ರತಿವಾದಿಯ ಪರವಾಗಿ ವಾದಿಸಲು ಹೇಳುತ್ತಿದ್ದರು. "ಒಂದಾ ಕಡೆ ಹುಟ್ಟು ಹಾಕಿದ್ರ ಹರಿಗೋಲು ಗಿರಗಿರ ತಿರಗತೈತ್ರಿ" ಎನ್ನುವರು. ಚರ್ಚಾಕೂಟಗಳಲ್ಲಿ ಗೆಲ್ಲುವುದನ್ನಷ್ಟೇ ಕಲಿತಿದ್ದ ನನಗೆ ಅದು ಹೊಸ ಪಾಠ.

ಒಡಹುಟ್ಟಿದ ತಮ್ಮನೇ ದಾರಿಗೆ ಬೇಲಿ ಹಾಕಿದ್ದರಿಂದ ಕೊಯ್ದ ಜೋಳ ಹೊಲದಲ್ಲೇ ಉಳಿದಿದೆಯೆಂದು ಬಂಡ್ರಿಯ ಹೆಣ್ಣುಮಗಳೊಬ್ಬರು ಬಂದರು. ಎದುರು ಕುರ್ಚಿಯಲ್ಲಿ ಕುಳಿತು ತಮ್ಮನಂತೆಯೇ ಗದರಿದರು: "ಅಕ್ಕ, ನಿನ್ನ ಬಂಡಿ ನನ್ನ ಮೆಣಸಿನ ಗಿಡ ತುಳಿತೈತಿ. ಬದುವಿನ ಗುಂಟ ಹೋಗಂದ್ರ ಕೇಳಂಗಿಲ್ಲ."

ಹೇಳಿದವರೇ ನಕ್ಕುಬಿಟ್ಟರು. "ಖರೇನ ಐತಿ ಬಿಡ್ರಿ ಸಾಹೇಬ್ರ."

ವಕೀಲರು ಫೋನನ್ನು ಅವರ ಮುಂದಿಟ್ಟರು. "ತಮ್ಮಗ ಫೋನ್ ಹಚ್ಚರಿ. ಆತಗ ನಿಮ್ಮಂಥ ವಕೀಲರು ಸಿಗಂಗಿಲ್ಲ."

ಜೋಳ ಮನೆ ಸೇರಿತು. ಬಂಡಿ ಹೊಡೆದವನು ತಮ್ಮನೇ.