ಬಂಟ, ಮಂತ್ರವಾದಿ ಮತ್ತು ಕಾಂತರಾಜನ ನಿದ್ದೆ

ಕಾಂತರಾಜನಿಗೆ ಈಗ ನಲವತ್ತಮೂರು. ಹರಿಹರದ ಹೊಳೆದಂಡೆಯಲ್ಲಿ ರಟ್ಟು ತಯಾರಿಸುವ ಒಂದು ಸಣ್ಣ ಮಿಲ್ಲಿನ ಪಂಪ್‌ಹೌಸ್‌ನಲ್ಲಿ ಆಪರೇಟರ್. ಹೊಳೆಯ ನೀರನ್ನು ಮಿಲ್ಲಿಗೆ ಎತ್ತುವ ಮೂರು ಮೋಟಾರುಗಳನ್ನು ನೋಡಿಕೊಳ್ಳುವುದು, ಗಂಟೆಗೊಮ್ಮೆ ಮೀಟರ್ ಓದುವುದು, ಸದ್ದು ಸ್ವಲ್ಪ ಬದಲಾದರೂ ಎದ್ದು ಹೋಗಿ ಮೋಟಾರಿನ ಮೈ ಮುಟ್ಟಿ ನೋಡುವುದು ಅವನ ಕೆಲಸ. ಮೂರು ಪಾಳಿಗೆ ಮೂವರಿದ್ದರು. ಒಬ್ಬರು ನಿವೃತ್ತರಾದರು. ಆ ಜಾಗಕ್ಕೆ ಹೊಸಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅನ್ನುವುದರಲ್ಲೇ ಎಂಟು ತಿಂಗಳು ಹೋಯಿತು. ಉಳಿದ ಇಬ್ಬರು ದಿನವನ್ನು ಹನ್ನೆರಡು ಹನ್ನೆರಡು ತಾಸು ಹಂಚಿಕೊಂಡು ದೂಡುತ್ತಿದ್ದರು.

ಇದರ ಜೊತೆಗೆ ಅವನಿಗೆ ಇನ್ನೊಂದು ಹೊಣೆಯಿತ್ತು. ಅದನ್ನು ಮಿಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೂ ಅರ್ಥ ಮಾಡಿಸುವುದು ಕಷ್ಟವಿತ್ತು.

ದಾವಣಗೆರೆಯಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಅವನಿಗೆ ಒಂದು ಆಟ ಕಲಿಸಿದ್ದ. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬ ಕಥೆ ಹೇಳುತ್ತಾನೆ: ಇಲ್ಲೊಂದು ಕೋಟೆ, ಬಾಗಿಲಲ್ಲಿ ಏಳು ಕಾವಲುಗಾರರು, ಏನು ಮಾಡುತ್ತೀರಿ? ಉಳಿದವರು ಒಂದೊಂದು ಪಾತ್ರವಾಗಿ ಉತ್ತರ ಕೊಡುತ್ತಾರೆ. ಅಂದುಕೊಂಡದ್ದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ; ದೊಡ್ಡ ಅಂಕಿ ಬಿದ್ದರೆ ಆಯಿತು. ಓದು ಮುಗಿದ ಮೇಲೆ ಕಾಂತರಾಜ್ ಆ ಆಟವನ್ನು ಕನ್ನಡದಲ್ಲಿ ತನಗೆ ಬೇಕಾದಂತೆ ಬರೆದುಕೊಂಡ. ಪಾತ್ರಗಳ ವರ್ಗಕ್ಕೆ ‘ಕಸುಬು’ ಎಂದು ಹೆಸರಿಟ್ಟ. ಕತ್ತಿ ಹಿಡಿಯುವ ಬಂಟ, ಬೆಂಕಿ ಮಿಂಚು ಕರೆಯುವ ಮಂತ್ರವಾದಿ, ಗಾಯ ಮಾಯಿಸುವ ವೈದ್ಯ, ಹೀಗೆ ಮೂರು ಕಸುಬು.

ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ರಶ್ಮಿತಾಳ ಮನೆಯ ಊಟದ ಮೇಜಿನ ಮೇಲೆ ಈ ಆಟ ನಡೆಯುತ್ತಿತ್ತು. ರಶ್ಮಿತಾ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ. ಅವಳದು ಮಂತ್ರವಾದಿಯ ಪಾತ್ರ. ಬಂಟನಾಗಿ ಆಡುತ್ತಿದ್ದವರು ಶಬ್ಬೀರ್, ಐವತ್ತೆರಡರ ಮನುಷ್ಯ, ಮೋಟಾರ್ ವೈಂಡಿಂಗ್ ಅಂಗಡಿಯವರು. ಮಿಲ್ಲಿನ ಮೋಟಾರು ಸುಟ್ಟಾಗಲೆಲ್ಲ ಅವರೇ ಬರುತ್ತಿದ್ದರು, ಕಾಂತರಾಜನ ಪರಿಚಯವೂ ಹಾಗೇ ಆದದ್ದು. ಮೂರನೆಯವರು ರಶ್ಮಿತಾಳ ತಾಯಿ ಅಕ್ಕನಾಗಮ್ಮ. ಮೊದಮೊದಲು ಎಲ್ಲರಿಗೂ ಖಾರಾಮಂಡಕ್ಕಿ ಕಲಸಿಕೊಟ್ಟು ಒಳಗೆ ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲೇ ನಿಂತು ಕಥೆ ಕೇಳುತ್ತಾ, “ಅಲ್ಲಪ್ಪ, ಆ ಹುಡುಗಗೆ ಬಾಣ ತಾಗೈತಿ, ಯಾರೂ ನೋಡವಲ್ರಿ ಯಾಕ?” ಎಂದು ಕೇಳಿದರು. ಅವತ್ತಿನಿಂದ ಅವರು ವೈದ್ಯೆ.

ಆಟದಲ್ಲಿ ಪಾತ್ರಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಮೊದಲ ಮೆಟ್ಟಿಲಲ್ಲಿ ಬಂಟನೇ ದೊಡ್ಡವನು. ಮಂತ್ರವಾದಿ ಒಂದು ಕಿಡಿ ಹಾರಿಸಿ ಅವನ ಬೆನ್ನ ಹಿಂದೆ ನಿಲ್ಲಬೇಕು. ಆದರೆ ಬಂಟನಿಗೆ ಪ್ರತಿ ಮೆಟ್ಟಿಲಿಗೂ ಕತ್ತಿಯ ಏಟು ಒಂದಿಷ್ಟೇ ಹೆಚ್ಚುತ್ತದೆ, ಮಂತ್ರವಾದಿಗೆ ಹೊಸ ಹೊಸ ಮಂತ್ರಗಳೇ ಸಿಗುತ್ತವೆ. ಎಂಟನೇ ಮೆಟ್ಟಿಲು ದಾಟುವ ಹೊತ್ತಿಗೆ ಶಬ್ಬೀರ್ ಅವರ ಸರದಿ ಬರುವ ಮೊದಲೇ ಶತ್ರುಗಳೆಲ್ಲ ಬೂದಿಯಾಗಿರುತ್ತಿದ್ದರು. “ಕತ್ತಿ ಬೀಸ್ತೀನಿ” ಎಂದು ಅವರು ಅನ್ನುವಾಗ ಬೀಸಲು ಎದುರಿಗೆ ಯಾರೂ ಇರುತ್ತಿರಲಿಲ್ಲ.

ಅವರು ಬಾಯಿಬಿಟ್ಟು ದೂರಿದವರಲ್ಲ. ಮಂಡಕ್ಕಿ ತಿನ್ನುತ್ತಾ ಫೋನ್ ನೋಡತೊಡಗಿದರು. ಕಳೆದ ಜನವರಿಯ ಒಂದು ಭಾನುವಾರ ಮಾತ್ರ, “ಕಾಂತರಾಜ್, ನಾನು ಬರೋದು ಬ್ಯಾಡ ಬಿಡ್ರಿ. ನನ್ನ ಪಾತ್ರದಿಂದ ಏನೂ ಆಗ್ತಿಲ್ಲ,” ಎಂದರು.

ಕಾಂತರಾಜ್ ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಮೂರು ತಾಸು ಮಲಗಿ, ಹನ್ನೊಂದರ ಬಸ್ಸು ಹಿಡಿದು ಬಂದಿದ್ದ. ಕಣ್ಣು ಉರಿಯುತ್ತಿತ್ತು. “ಸರಿ ಮಾಡ್ತೀನಿ ಶಬ್ಬೀರಣ್ಣ, ಒಂದು ವಾರ ಟೈಂ ಕೊಡ್ರಿ,” ಎಂದ.

ಮುಂದಿನ ವಾರ ಬಂಟನ ಏಟನ್ನು ಒಂದೂವರೆ ಪಟ್ಟು ಮಾಡಿದ. ರಶ್ಮಿತಾ ಹಾಳೆಯ ಮೇಲೆ ಗೀಟು ಎಳೆದು, “ಇನ್ನೂ ಸಮ ಆಗಲ್ಲ ಕಾಂತಣ್ಣ, ನೋಡ್ರಿ,” ಎಂದು ತೋರಿಸಿದಳು. ಎರಡು ಪಟ್ಟು ಮಾಡಿದ. ಈಗ ಶತ್ರುಗಳು ಕೈ ಎತ್ತುವ ಮೊದಲೇ ಉರುಳಿ, ಬಂಟನಿಗೆ ಗಾಯವೇ ಆಗದೆ ಅಕ್ಕನಾಗಮ್ಮ ಸುಮ್ಮನೆ ಕೂರಬೇಕಾಯಿತು. “ನನ್ನ ಔಷಧಿ ಯಾರಿಗೂ ಬ್ಯಾಡೇನಪ್ಪ?” ಎಂದು ಅವರು ನಗುತ್ತಲೇ ಕೇಳಿದರು. ಗಾಯ ಹೆಚ್ಚಾಗಲೆಂದು ಶತ್ರುಗಳಿಗೆ ಬಲ ಕೊಟ್ಟ; ಮಂತ್ರವಾದಿ ಮೊದಲ ಏಟಿಗೇ ನೆಲಕ್ಕೆ ಬಿದ್ದಳು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತಿತ್ತು. “ಭಾನುವಾರ ಒಂದಿನ ಮನೆಯಾಗ ಮಲಗಬಾರದಾ ನೀವು?” ಎಂದು ಹೆಂಡತಿ ಕೇಳುವಾಗ ಅವನು ದಾಳಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಕೊನೆಗೆ ಒಂದು ಪರೀಕ್ಷೆ ಮಾಡಿ ನೋಡಿಬಿಡುವುದು ಎಂದುಕೊಂಡ. ಯಾರ ಬಲ ಎಷ್ಟು ಎಂದು ಒಮ್ಮೆ ಖಚಿತವಾದರೆ ನಿಯಮ ಬರೆಯುವುದು ಸುಲಭ. ಪಂಪ್‌ಹೌಸ್‌ನಲ್ಲಿ ಮಧ್ಯಾಹ್ನದ ಹೊತ್ತು, ಎರಡು ಮೀಟರ್ ಓದಿನ ನಡುವೆ, ಊಟದ ಡಬ್ಬಿಯ ಮುಚ್ಚಳದ ಮೇಲೆ ದಾಳ ಉರುಳಿಸುತ್ತಾ ಕೂತ. ಅದೇ ಕೋಟೆ, ಅದೇ ಏಳು ಕಾವಲುಗಾರರು, ಮೂರೂ ಕಸುಬಿಗೆ ಮೊದಲಿನ ನಿಯಮಗಳೇ. ಬಂಟ ಒಬ್ಬನೇ ಇಪ್ಪತ್ತು ಸಲ, ಮಂತ್ರವಾದಿ ಒಬ್ಬಳೇ ಇಪ್ಪತ್ತು ಸಲ, ವೈದ್ಯೆ ಇಪ್ಪತ್ತು ಸಲ. ಮೋಟಾರಿನ ಗುಂಯ್‌ಗುಡುವಿಕೆಯಲ್ಲಿ ದಾಳದ ಸದ್ದು ಅವನಿಗೇ ಕೇಳುತ್ತಿರಲಿಲ್ಲ. ಹನ್ನೆರಡು ದಿನ ಹಿಡಿಯಿತು. ಮಂತ್ರವಾದಿ ಹದಿನೇಳು ಸಲ ಗೆದ್ದಳು, ಬಂಟ ಹನ್ನೊಂದು, ವೈದ್ಯೆ ಆರು.

ಭಾನುವಾರ ಆ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟ. ಶಬ್ಬೀರ್ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

“ಅಂದ್ರ ಇಷ್ಟು ವರ್ಷ ದಂಡಕ್ಕೆ ಬಂದೆ ಅನ್ರಿ,” ಎಂದರು. ಸಿಟ್ಟಿರಲಿಲ್ಲ. ಮಂಡಕ್ಕಿ ಪೂರ್ತಿ ತಿಂದು, ಅಕ್ಕನಾಗಮ್ಮನಿಗೆ ಹೇಳಿ ಹೊರಟರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ.

ಏಪ್ರಿಲಿನಲ್ಲಿ ಪಂಪ್‌ಹೌಸ್‌ನ ನಡುವಿನ ಮೋಟಾರು ಸುಟ್ಟಿತು. ಅದೇ ವಾರ ಜೊತೆಯ ಆಪರೇಟರ್ ಜ್ವರವೆಂದು ಮಲಗಿದ್ದ. ಕಾಂತರಾಜ್ ಎರಡು ಹಗಲು ಒಂದು ರಾತ್ರಿ ಅಲ್ಲೇ ಇದ್ದ. ಶಬ್ಬೀರ್ ಬಂದು ಮೋಟಾರನ್ನು ಟೆಂಪೊದಲ್ಲಿ ಅಂಗಡಿಗೆ ಒಯ್ದು, ಹೊಸ ತಂತಿ ಸುತ್ತಿ, ಮರುದಿನ ಮಧ್ಯಾಹ್ನ ತಂದು ಕೂರಿಸಿದರು. ಚಾಲೂ ಮಾಡಿ ನೋಡೋಣವೆಂದರೆ ಕರೆಂಟ್ ಹೋಯಿತು. ಇಬ್ಬರೂ ಪಂಪ್‌ಹೌಸ್‌ನ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಕೂತರು. ಬೇಸಿಗೆಯ ಹೊಳೆ, ನೀರಿಗಿಂತ ಬಂಡೆಯೇ ಹೆಚ್ಚು.

“ಯಾವಾಗ ಮಲಗಿದ್ರಿ ನೀವು?” ಶಬ್ಬೀರ್ ಕೇಳಿದರು.

“ನಿನ್ನೆ ಬೆಳಿಗ್ಗೆ. ಅಲ್ಲ, ಮೊನ್ನೆ.”

ಶಬ್ಬೀರ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, “ಆ ಪರೀಕ್ಷೆ ಮಾಡಿದ್ರಲ್ಲ. ಇಪ್ಪತ್ತು ಸಲನೂ ಮಂತ್ರವಾದಿ ಹೊಸದಾಗಿ ಶುರು ಮಾಡಿದ್ಳಾ? ಎಲ್ಲಾ ಮಂತ್ರ ಇಟ್ಕೊಂಡು?” ಎಂದರು.

“ಹೌದು. ಎಲ್ಲರೂ ಹೊಸದಾಗಿಯೇ.”

“ಮಂತ್ರ ಖರ್ಚಾದ ಮೇಲೆ ಅಕಿ ಆರು ತಾಸು ಮಲಗಬೇಕು ಅಂತ ನೀವೇ ಬರ್ದಿದ್ರಿ. ಬಂಟಗೆ ಅದು ಬ್ಯಾಡ. ಕತ್ತಿ ಖರ್ಚಾಗಲ್ಲಲ್ಲ.”

ಕಾಂತರಾಜ್ ತಿರುಗಿ ನೋಡಿದ. ಮಲಗಿ ಎದ್ದರೇ ಖರ್ಚಾದ ಮಂತ್ರಗಳು ಮರಳುತ್ತವೆ ಎಂದು ನಿಯಮ ಬರೆದಿದ್ದು ನಿಜ. ಆದರೆ ಆಟದಲ್ಲಿ ಅದು ಎಂದೂ ಅಡ್ಡ ಬಂದಿರಲಿಲ್ಲ. ಒಂದು ಕಾಳಗ ಮುಗಿದ ಕೂಡಲೇ ರಶ್ಮಿತಾ, “ಮಲಗ್ತೀವಿ,” ಎನ್ನುತ್ತಿದ್ದಳು. ಅವನು, “ಸರಿ, ಬೆಳಗಾಯಿತು,” ಎನ್ನುತ್ತಿದ್ದ. ಕೋಟೆಯ ಒಳಗೆ, ಶತ್ರುಗಳ ನಡುವೆ, ಅವರನ್ನು ಒಮ್ಮೆಯೂ ಯಾರೂ ಎಬ್ಬಿಸಿರಲಿಲ್ಲ. ಎಬ್ಬಿಸಲು ಹೊಸದೊಂದು ಸನ್ನಿವೇಶ ಯೋಚಿಸಬೇಕಿತ್ತು, ಅಷ್ಟು ಶಕ್ತಿ ಅವನಲ್ಲಿ ಉಳಿದಿರುತ್ತಿರಲಿಲ್ಲ. ದಣಿದವನಿಗೆ ಮಲಗುತ್ತೇವೆ ಅನ್ನುವವರನ್ನು ತಡೆಯಲು ಮನಸ್ಸೂ ಆಗುತ್ತಿರಲಿಲ್ಲ.

“ದಾಳ ಐತಾ ಇಲ್ಲಿ?” ಶಬ್ಬೀರ್ ಕೇಳಿದರು.

ಡಬ್ಬಿಯ ಚೀಲದಲ್ಲಿತ್ತು. ಕರೆಂಟ್ ಬರುವವರೆಗೆ, ಸುಮಾರು ಎರಡು ತಾಸು, ಮೆಟ್ಟಿಲ ಮೇಲೆ ಕೂತು ಆಡಿದರು. ಈ ಸಲ ಒಂದರ ಹಿಂದೆ ಒಂದು ಆರು ಬಾಗಿಲು, ನಡುವೆ ನಿದ್ದೆಯಿಲ್ಲ. ಮಂತ್ರವಾದಿ ಮೊದಲ ಎರಡು ಬಾಗಿಲನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ದಾಟಿ ಮೂರನೆಯದರಲ್ಲಿ ಬರಿಗೈಯಾದಳು. ಬಂಟ ನಾಲ್ಕನೆಯದರವರೆಗೆ ಹೋದ. ವೈದ್ಯೆ ಎರಡನೆಯದರಲ್ಲೇ ನಿಂತರು. ಬಂಟನ ಜೊತೆ ವೈದ್ಯೆಯನ್ನು ಕಳಿಸಿದಾಗ ಇಬ್ಬರೂ ಆರನೆಯ ಬಾಗಿಲು ದಾಟಿದರು. ಬಂಟನ ದಾಳವನ್ನು ಶಬ್ಬೀರ್ ಅವರೇ ಉರುಳಿಸಿದರು.

“ಭಾನುವಾರ ಬರ್ತೀರಾ?” ಕಾಂತರಾಜ್ ಕೇಳಿದ.

“ನೋಡೋಣ,” ಎಂದರು. ಬಂದರು.

ರಶ್ಮಿತಾ ಆರು ಬಾಗಿಲಿನ ಲೆಕ್ಕ ಬರೆದ ಹೊಸ ಹಾಳೆಯನ್ನು ಎರಡು ಸಲ ಓದಿದಳು. “ಅಂಕಿ ಸರಿ ಐತೆ. ಆದ್ರ ಮಲಗಾಕೇ ಬಿಡ್ದಂಗೆ ಆಡಿಸಿದ್ರೆ ಅದು ಆಟ ಹೆಂಗಾಗುತ್ತೆ ಕಾಂತಣ್ಣ?”

“ಒಂದೆರಡು ವಾರ ನೋಡಾಣ,” ಎಂದ.

ಎರಡು ಭಾನುವಾರ ಹಾಗೆಯೇ ಆಡಿದರು. ಬೆನ್ನಟ್ಟಿ ಬರುವ ಸೈನ್ಯ, ನಿಲ್ಲಲು ಜಾಗವಿಲ್ಲದ ಕಣಿವೆ. ಶಬ್ಬೀರ್ ಎದ್ದು ನಿಂತು ದಾಳ ಎಸೆಯುತ್ತಿದ್ದರು, ಅಕ್ಕನಾಗಮ್ಮ ಅವರ ಬಂಟನ ಗಾಯಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಎರಡನೆಯ ಭಾನುವಾರದ ಕೊನೆಗೆ ರಶ್ಮಿತಾ ಪೆನ್ನು ಕೆಳಗಿಟ್ಟಳು.

“ಮೂರು ತಾಸು ಸುಮ್ನೆ ಕುಂತೀನಿ ನಾನು. ಒಂದು ಮಂತ್ರನೂ ಇಲ್ಲ.”

“ನಾನು ಎರಡು ವರ್ಷ ಕುಂತಿದ್ದೆ ಮೇಡಂ,” ಎಂದರು ಶಬ್ಬೀರ್.

ಇಬ್ಬರೂ ಕಾಂತರಾಜನ ಕಡೆ ತಿರುಗಿದರು. ಇನ್ನೊಂದು ನಿಯಮ ಬೇಕಿತ್ತು, ಇಬ್ಬರಿಗೂ ಒಪ್ಪುವಂಥದ್ದು.

ಕಾಂತರಾಜ್ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. “ನನಗೆ ಗೊತ್ತಾಗ್ತಿಲ್ಲ. ಯಾರದು ಹೆಚ್ಚು, ಯಾರದು ಕಡಿಮೆ ಅಂತ ನಾಲ್ಕು ತಿಂಗಳಿಂದ ಇದೇ ತಲೆಯಾಗ ತಿರುಗ್ತೈತೆ. ಮಲಗಿದ್ರೂ ಇದೇ, ಮಲಗಾಕೂ ಟೈಂ ಇಲ್ಲ. ನನಗೆ ಸಾಕಾಗೈತ್ರಿ. ಸ್ವಲ್ಪ ದಿನ ಬ್ಯಾಡ.” ಚೀಲದ ದಾರ ಬಿಗಿದು ಮೇಜಿನ ನಡುವೆ ಇಟ್ಟ.

ಅಕ್ಕನಾಗಮ್ಮ ಎದ್ದು ನೀರು ತಂದುಕೊಟ್ಟರು. ಅವನು ಕುಡಿಯುವವರೆಗೆ ನಿಂತಿದ್ದು, “ನೀನು ಸುಮ್ನೆ ಆಡು ತಮ್ಮಾ. ಕಥೆ ನಾನು ಹೇಳ್ತೀನಿ,” ಎಂದರು.

“ಅಮ್ಮ, ನಿನಗೆ ನಿಯಮ ಎಲ್ಲಿ ಗೊತ್ತು?” ರಶ್ಮಿತಾ ಕೇಳಿದಳು.

“ಗೊತ್ತಿಲ್ದಿದ್ರೆ ನಿಮ್ಮನ್ನ ಕೇಳ್ತೀನಿ.”

ಹಾಗೆ ಜೂನಿನಲ್ಲಿ ಮೊದಲ ಸಲ ಕಾಂತರಾಜ್ ಮೇಜಿನ ಈಚೆ, ಆಡುವವರ ಬದಿ ಕೂತ. ಅಕ್ಕನಾಗಮ್ಮ ಬಿಟ್ಟ ಜಾಗಕ್ಕೆ ತಾನೇ ವೈದ್ಯನಾದ. ಅವರ ಕಥೆಯಲ್ಲಿ ಕೋಟೆಗಳು ಕಡಿಮೆ. ಮುನಿದ ಅಣ್ಣತಮ್ಮಂದಿರು, ದಾರಿ ತಪ್ಪಿದ ಎಮ್ಮೆ, ಸುಳ್ಳು ಹೇಳುವ ಮುದುಕಿ. ಮಲಗುತ್ತೇವೆ ಎಂದರೆ, “ಮಲಗ್ರಿ, ಕಾವಲು ಯಾರು ಕೂಡ್ತೀರಿ?” ಎಂದು ಕೇಳುತ್ತಿದ್ದರು; ಕಾವಲು ಕೂತವರಿಗೆ ಏನಾದರೊಂದು ಕಾಣಿಸುತ್ತಿತ್ತು. ಬಂಟನ ಏಟು ಮೊದಲಿನಷ್ಟೇ ಇತ್ತು. ಶಬ್ಬೀರ್, ರಶ್ಮಿತಾ ಈಗಲೂ ಅದೇ ವಿಷಯಕ್ಕೆ ಜಗಳವಾಡುತ್ತಿದ್ದರು, ಆದರೆ ತೀರ್ಪು ಕೇಳಲು ಯಾರ ಕಡೆಗೂ ತಿರುಗುತ್ತಿರಲಿಲ್ಲ.

ಮೂರನೆಯ ಭಾನುವಾರ ಕಾಂತರಾಜ್ ತನ್ನ ಸರದಿಗೆ ಕಾಯುತ್ತಾ ಗೋಡೆಗೆ ಒರಗಿದ. ಎಚ್ಚರವಾದಾಗ ಸಂಜೆ ಐದು. ಮೈಮೇಲೆ ಹೊದಿಕೆಯಿತ್ತು, ಫ್ಯಾನು ಅವನ ಕಡೆಗೆ ತಿರುಗಿತ್ತು. ಮೇಜಿನ ಮೇಲೆ ಅವನ ಪಾತ್ರದ ಹಾಳೆಗೆ ಅಡ್ಡಗೀಟು ಎಳೆದಿದ್ದರು.

“ಸತ್ತೋದ್ನಾ?”

“ಹೊಳೆ ದಾಟೋವಾಗ,” ಎಂದರು ಶಬ್ಬೀರ್, ತಪ್ಪು ಮಾಡಿದವರಂತೆ. “ನಿಮ್ಮ ದಾಳ ನಾನೇ ಹಾಕಿದೆ. ಎರಡು ಬಿತ್ತು.”

“ಎಬ್ಬಿಸಬಾರದಿತ್ತೇನ್ರಿ?”

“ಎಬ್ಬಿಸಾಕೆ ಮನಸ್ಸಾಗಲಿಲ್ಲ ಕಣಪ್ಪ,” ಎಂದರು ಅಕ್ಕನಾಗಮ್ಮ.

ಆಗಸ್ಟಿನಲ್ಲಿ ಮಿಲ್ಲಿಗೆ ಮೂರನೆಯ ಆಪರೇಟರ್ ಬಂದ. ಕಾಂತರಾಜ್ ಈಗ ಎರಡು ವಾರಕ್ಕೊಮ್ಮೆ ದಾವಣಗೆರೆಗೆ ಹೋಗುತ್ತಾನೆ. ಉಳಿದ ಭಾನುವಾರ ಮನೆಯಲ್ಲೇ ಇರುತ್ತಾನೆ. ಸತ್ತ ವೈದ್ಯನ ಬದಲಿಗೆ ಬರೆದ ಹೊಸ ಹಾಳೆಯಲ್ಲಿ ಅವನದು ಮೊದಲ ಮೆಟ್ಟಿಲಿನ ಬಂಟ.