ಕಾಕಿಮಾ ಮೀನು ತರಲು ಹೊರಟದ್ದು

ಮೊನ್ನೆ ಫೋನಿನಲ್ಲಿ ತರಿಸಿದ ತರಕಾರಿಯ ಚೀಲ ಬಿಚ್ಚುತ್ತಿದ್ದಂತೆ ಅಡುಗೆಮನೆಯ ತುಂಬ ಗಂಧರಾಜ ನಿಂಬೆಯ ವಾಸನೆ. ನಾನು ಕೇಳಿದ್ದು ಸಾದಾ ನಿಂಬೆಹಣ್ಣು. ಅದಿಲ್ಲವೆಂದು ಅಂಗಡಿಯವರು ಇದನ್ನು ಹಾಕಿದ್ದರು. ಉಗುರು ತಾಗಿಸಿದರೆ ಸಾಕು, ಕೈಗೆಲ್ಲ ಅಂಟಿಕೊಳ್ಳುವ ಪರಿಮಳ. ಅದನ್ನು ಹಿಡಿದುಕೊಂಡು ಕೋಲ್ಕತ್ತದ ಕಸ್ಬಾದಲ್ಲಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮತ್ತೆ ಒಳಕ್ಕೆ ಸುಮ್ಮನೆ ಓಡಾಡಿದೆ. ಕೂರಲಾಗಲಿಲ್ಲ. ಹಿಂದೆ ನಾವು ಬಾಡಿಗೆಗಿದ್ದ ಮನೆಯ ಕಾಕಿಮಾ ಹೀಗೇ ಓಡಾಡುತ್ತಿದ್ದರು... ನಮ್ಮ ಮನೆಗೆ ಬರುವ ಮೊದಲು, ಮೀನಿನ ವಾಸನೆ ಹೋಗಲೆಂದು, ಇದೇ ನಿಂಬೆಯ ಸಿಪ್ಪೆಯಿಂದ ಬೆರಳು ತಿಕ್ಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಮದುವೆಯಾಗಿ ಧಾರವಾಡದಿಂದ ಕೋಲ್ಕತ್ತಕ್ಕೆ ಬಂದ ಹೊಸದರಲ್ಲಿ ನಾವು ಬೆಹಾಲಾದ ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಯಜಮಾನರು, ಅವರ ಹೆಂಡತಿ. ಎಲ್ಲರ ಹಾಗೆ ನಾವೂ ಯಜಮಾನರನ್ನು ಕಾಕು ಎಂದೂ ಅವರ ಹೆಂಡತಿಯನ್ನು ಕಾಕಿಮಾ ಎಂದೂ ಕರೆಯುತ್ತಿದ್ದೆವು, ನಮ್ಮಲ್ಲಿ ಚಿಕ್ಕಪ್ಪ ಚಿಕ್ಕಮ್ಮನಿಗೆ ಕಾಕಾ ಕಾಕು ಅನ್ನುವ ಹಾಗೆ. ನನ್ನ ಕಾಕು ಎಂಬ ಚಿಕ್ಕಮ್ಮ ಧಾರವಾಡದಲ್ಲಿದ್ದಾಳೆ, ಇಲ್ಲಿ ಕಾಕು ಅಂದರೆ ಮೀಸೆ ಇರುವವರು ಎಂದು ಹೇಳಿದ ದಿನ ಕಾಕಿಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಆ ಮನೆಯಲ್ಲಿ ಸಂತೆ ಕಾಕು ಅವರದು, ಒಲೆ ಕಾಕಿಮಾ ಅವರದು. ಬೆಳಿಗ್ಗೆ ಚಹಾ ಕುಡಿದ ಕಾಕು ಗೂಟದಿಂದ ಚೀಲ ತೆಗೆದುಕೊಂಡು ಬಜಾರಿಗೆ ಹೊರಟರೆ, ಕಾಕಿಮಾ ಗೇಟಿಗೂ ಅಡುಗೆಮನೆಗೂ ನಡುವೆ ಓಡಾಟ ಶುರು ಮಾಡುತ್ತಿದ್ದರು. ಸಾಸಿವೆ ಅರೆಯಬೇಕೋ, ಶುಂಠಿ ಜಜ್ಜಬೇಕೋ ಗೊತ್ತಿಲ್ಲ. ಇವತ್ತು ಏನಡುಗೆ ಎಂದು ನಾನು ಕೇಳಿದರೆ, "ಚೀಲ ಬಿಚ್ಚಿದ ಮೇಲೆ ಗೊತ್ತಾಗುತ್ತೆ" ಅನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವರು ಬಜಾರಿನೊಳಗೆ ಕಾಲಿಟ್ಟವರೇ ಅಲ್ಲ. ಚೀಲದಿಂದ ಹೆಚ್ಚಾಗಿ ಬರುತ್ತಿದ್ದುದು ರುಯಿ ಮೀನು. ಕಾಕು ಅವರಿಗೆ ಅದೇ ಇಷ್ಟ.

ಮೇಲೆ ನಮ್ಮದು ಬೇರೆ ಗೋಳು. ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ, ಗಂಡನಿಗೆ ಕಂಪ್ಯೂಟರ್ ಕಂಪನಿಯ ಕೆಲಸ. ಸಂತೆಗೆ ಯಾರು ಹೋಗಬೇಕೆಂಬುದು ಎಂದೂ ಇತ್ಯರ್ಥವಾಗಲಿಲ್ಲ. ಒಂದು ದಿನ ಇಬ್ಬರೂ ಕೊತ್ತಂಬರಿ ತಂದಿರುತ್ತಿದ್ದೆವು, ಮರುದಿನ ಮನೆಯಲ್ಲಿ ಉಳ್ಳಾಗಡ್ಡಿಯೂ ಇರುತ್ತಿರಲಿಲ್ಲ.

"ನೀ ತರ್ತಿ ಅಂತ ನಾ ಸುಮ್ನ ಬಂದೆ."

"ನಾ ಯಾವಾಗ ಹೇಳಿದ್ದೆ? ಎಲ್ಲಾ ನಾನ ನೆನಪಿಡಬೇಕೇನು?"

ನಮ್ಮ ಜಗಳ ಮೆಟ್ಟಿಲಿಳಿದು ಕೆಳಗೆ ಕೇಳಿಸುತ್ತಿತ್ತು. ಭಾಷೆ ತಿಳಿಯದಿದ್ದರೂ ಕಾಕಿಮಾ ಅವರಿಗೆ ವಿಷಯ ತಿಳಿಯುತ್ತಿತ್ತು. "ಅದೃಷ್ಟವಂತೆ ನೀನು. ಜಗಳಕ್ಕಾದರೂ ನಿನಗೆ ಪಾಲಿದೆ," ಎಂದಿದ್ದರು ಒಮ್ಮೆ. ಹಿಂದಿ, ಬಂಗಾಳಿ ಕಲಸಿ ಆಡುವ ಮಾತು ಅವರದು. ನಾನದನ್ನು ತಮಾಷೆ ಅಂದುಕೊಂಡೆ.

ಒಂದು ಮಳೆಗಾಲದಲ್ಲಿ ಕಾಕು ಮೀನಿನ ಸಾಲಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಶನ್ ಆಯಿತು, ಹಾಸಿಗೆ ಹಿಡಿದರು. ಫೋನಿನಲ್ಲಿ ತರಿಸಿಕೊಡುತ್ತೇನೆ ಎಂದು ನನ್ನ ಗಂಡ ಹೇಳಿದ. ಕಾಕಿಮಾ ಬೇಡವೆಂದು ತಲೆಯಾಡಿಸಿದರು. ಆ ದಿನವೆಲ್ಲ ಗೇಟಿನ ತನಕ ಹೋಗುವುದು, ಹಿಂದಿರುಗುವುದು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಮೇಲೆ ಬಂದರು.

"ನನ್ನ ಜೊತೆ ಬರ್ತೀಯಾ? ಒಬ್ಬಳಿಗೆ ಹೆದರಿಕೆ."

ಮೀನು ತಿನ್ನದ ನಾನು, ಬಜಾರು ಕಾಣದ ಅವರು, ಇಬ್ಬರೂ ಹೊರಟೆವು. ಬಜಾರಿನ ಬಾಗಿಲಲ್ಲೇ ಕಾಕಿಮಾ ನನ್ನ ಮಣಿಕಟ್ಟು ಹಿಡಿದರು. ಬಳೆ ಒತ್ತಿ ಗುರುತು ಬೀಳುವಷ್ಟು ಬಿಗಿ. ನಾನು ದುಪಟ್ಟಾ ಮೂಗಿಗೆ ಹಿಡಿದು ತುದಿಗಾಲಲ್ಲಿ ನಡೆಯುತ್ತಿದ್ದೆ. ಕಾಕು ಅವರ ಖಾಯಂ ಮೀನಿನವನು ಕೈಯಲ್ಲಿದ್ದ ಚೀಲದಿಂದಲೇ ಗುರುತು ಹಿಡಿದು, "ದಾದಾ ಹೇಗಿದ್ದಾರೆ ಬೌದಿ? ರುಯಿ ತೂಗಲಾ?" ಎಂದ, ಅತ್ತಿಗೆಯ ಹತ್ತಿರ ಅಣ್ಣನನ್ನು ವಿಚಾರಿಸುವ ಹಾಗೆ.

ಕಾಕಿಮಾ ಸ್ವಲ್ಪ ಹೊತ್ತು ಆ ದೊಡ್ಡ ಮೀನನ್ನೇ ನೋಡಿದರು. "ಬೇಡ," ಎಂದರು.

ಸಾಲಿನ ಕೊನೆಯ ಮೂಲೆಯಲ್ಲಿ ಒಬ್ಬ ಹೆಂಗಸು ಅಲ್ಯೂಮಿನಿಯಂ ತಟ್ಟೆಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಹರಡಿಕೊಂಡು ಕುಳಿತಿದ್ದಳು. ಮೌರಲಾ. ಕಾಕಿಮಾ ನನ್ನ ಕೈ ಬಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ನಾನು ಧಾರವಾಡದ ಸಂತೆಯ ಗತ್ತಿನಲ್ಲಿ ಚೌಕಾಸಿ ಮಾಡಿದೆ. ಅವರು ಒಂದೊಂದೇ ಮೀನು ಎತ್ತಿ ನೋಡಿ ಆರಿಸಿದರು. "ಅಪ್ಪ ಕೆರೆಯಿಂದ ತರ್ತಿದ್ದರು..." ಎಂದವರು ಮತ್ತೊಂದು ಮೀನು ಎತ್ತಿದರು.

ಮನೆಯಲ್ಲಿ ಕಾಕು ಮಲಗಿದಲ್ಲಿಂದಲೇ ಚೀಲ ಬಿಚ್ಚಿಸಿ ನೋಡಿದರು. "ಇದೇನು, ಬೆಕ್ಕಿಗಾ? ಇದನ್ನ ಯಾರು ತಿಂತಾರೆ?"

"ನಾನು," ಎಂದರು ಕಾಕಿಮಾ.

ಆಮೇಲೆ ಅವರನ್ನು ಹಿಡಿದು ನಿಲ್ಲಿಸುವವರಿರಲಿಲ್ಲ. ಕೆಲವೇ ವಾರಗಳಲ್ಲಿ ನನ್ನ ಜೊತೆಯೂ ಬೇಡವಾಯಿತು. ಬಸ್ಸು ಹತ್ತಿ ಗರಿಯಾಹಾಟ್ ಬಜಾರಿಗೂ ಹೋಗಿಬಂದರು. ಬೆವರಿಳಿಸುತ್ತ ಬಂದು, ಚೀಲ ನನ್ನೆದುರು ಬಿಚ್ಚಿ, "ನೋಡು, ಬಾಳೆಯ ಹೂವು! ಬಿಡಿಸೋದು ಕಷ್ಟ ಅಂತ ಇವರು ತರೋದೇ ಇಲ್ಲ. ಬಿಡಿಸೋಳು ನಾನು ತಾನೇ?" ಅನ್ನುವರು. ಕೆಳಗೆ ಕಾಕು ಕೋಲಿನಿಂದ ಮಂಚದ ಕಾಲು ಬಡಿದು ಕರೆಯುತ್ತಿರುತ್ತಿದ್ದರು.

ಕಾಕು ಎದ್ದು ನಡೆಯುವಂತಾದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಮೊದಲ ದಿನ ಅವರು ಇಸ್ತ್ರಿ ಅಂಗಿ ತೊಟ್ಟು, ಕೋಲು ಹಿಡಿದು ಗೂಟದ ಬಳಿ ಬಂದರೆ ಚೀಲವಿಲ್ಲ. ಕಾಕಿಮಾ ಆಗಲೇ ಹೋಗಿಯಾಗಿತ್ತು. ಅವರು ಬರುವವರೆಗೂ ಕಾಕು ಗೇಟಿನಲ್ಲೇ ನಿಂತಿದ್ದರು. ಆಮೇಲಿನ ಕೂಗಾಟ ನಮಗೆ ಕೇಳಿಸಿತು, ಈ ಸಲ ಕೆಳಗಿನಿಂದ ಮೇಲಕ್ಕೆ.

"ಓಣಿಯವರೆಲ್ಲ ಕೇಳ್ತಾರೆ, ನಾನು ಸತ್ತು ಹೋದೆನಾ ಅಂತ!"

"ಇಷ್ಟು ವರ್ಷ ನಾನು ಬದುಕಿದ್ದೀನಾ ಅಂತ ಯಾರಾದರೂ ಕೇಳಿದ್ರಾ?"

ಮರುದಿನ ಕಾಕು ಹೊಸ ಚೀಲ ಕೊಂಡರು. ಈಗ ಇಬ್ಬರೂ ಬೇರೆ ಬೇರೆ ಹೋಗಿ ಬರುವರು. ಒಂದೇ ಮನೆಗೆ ದಿನಕ್ಕೆರಡು ಸಂತೆ. ಫ್ರಿಜ್ಜಿನಲ್ಲಿ ಜಾಗವಿಲ್ಲದೆ ಪಡವಲಕಾಯಿ, ಕುಂಬಳಕಾಯಿ ನಮ್ಮ ಮನೆಗೆ ಬರತೊಡಗಿದವು. ನನ್ನ ಗಂಡ ನಕ್ಕ. ನನಗೆ ನಗು ಬರಲಿಲ್ಲ. ಕಾಕು ರುಯಿ ಹುರಿಸಿಕೊಂಡು ತಿನ್ನುವರು, ಕಾಕಿಮಾ ಮೌರಲಾ. ಒಂದೇ ಮೇಜು, ಮಾತಿಲ್ಲ. ಮಧ್ಯಾಹ್ನ ಮೇಲೆ ಬಂದ ಕಾಕಿಮಾ ಕುರ್ಚಿಯಲ್ಲಿ ಕೂರುವರು, ಏಳುವರು, ಕಿಟಕಿಯಿಂದ ಇಣುಕುವರು. "ಗೆದ್ದೆ ಅಂತ ಅನ್ನಿಸುತ್ತೆ. ಆದರೆ ಅನ್ನ ಒಳಗಿಳಿಯೋದಿಲ್ಲ," ಎಂದರು.

ಒಂದು ಬೆಳಿಗ್ಗೆ ಕಾಕು ಹೋದವರು ಬಹಳ ಹೊತ್ತು ಬರಲಿಲ್ಲ. ಮತ್ತೆ ಬಿದ್ದರೇನೋ ಎಂದು ಕಾಕಿಮಾ ಬರಿಗಾಲಲ್ಲಿ ಓಣಿಯ ತಿರುವಿನ ತನಕ ಓಡಿದರು, ನಾನು ಹಿಂದೆ. ಎದುರಿಗೆ ಕಾಕು ನಿಧಾನಕ್ಕೆ ಕೋಲೂರುತ್ತ ಬರುತ್ತಿದ್ದರು. ಚೀಲ ಖಾಲಿ.

"ಇಡೀ ಬಜಾರು ಸುತ್ತಿದೆ," ಎಂದರು ಕಾಕು, ಹೆಂಡತಿಯ ಮುಖ ನೋಡದೆ. "ನಿನಗೆ ಏನು ಇಷ್ಟ ಅಂತ ಗೊತ್ತಾಗಲಿಲ್ಲ. ಇವತ್ತು ಏನು ತಿನ್ನಬೇಕು ಅನ್ನಿಸ್ತಿದೆ ನಿನಗೆ?"

ಕಾಕಿಮಾ ಅವರ ಕೈಯಿಂದ ಖಾಲಿ ಚೀಲ ತೆಗೆದುಕೊಂಡು ಮನೆಯ ಕಡೆ ತಿರುಗಿದರು. ಸಂಜೆ ನನ್ನ ಬಳಿ ಬಂದು, "ಅವರು ಕೇಳಿಬಿಟ್ಟರು ಕಣೆ, ನನಗೆ ಉತ್ತರವೇ ಹೊಳೀಲಿಲ್ಲ. ಯಾರೂ ಕೇಳಿದ್ದೇ ಇಲ್ಲವಲ್ಲ..." ಎಂದವರು ಅತ್ತರೋ ನಕ್ಕರೋ ನನಗೆ ಸರಿಯಾಗಿ ನೆನಪಿಲ್ಲ. ಎರಡೂ ಇದ್ದಿರಬೇಕು.

ಅಲ್ಲಿಂದ ಮುಂದೆ ಮೀನು ಕಾಕಿಮಾ ಅವರದು, ತರಕಾರಿ ಕಾಕು ಅವರದು ಎಂದಾಯಿತು. ಬಾಳೆಯ ಹೂವು ತಂದ ದಿನ ಬಿಡಿಸಲು ಕಾಕು ಕೂಡ ಕೈ ಹಚ್ಚಬೇಕು ಎಂಬುದು ಷರತ್ತು. ಮೀನಿನವಳು ನಿನಗೆ ಮೋಸ ಮಾಡುತ್ತಾಳೆ ಎಂದು ಕಾಕು ಕೊನೆಯವರೆಗೂ ಗೊಣಗುತ್ತಲೇ ಇದ್ದರು.

ಕೊನೆ ಇಷ್ಟು ಬೇಗ ಬರುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ. ನಾವು ಆ ಮನೆ ಬಿಟ್ಟು ಕಸ್ಬಾಕ್ಕೆ ಬಂದ ಮರುವರ್ಷದ ಚಳಿಗಾಲದಲ್ಲಿ ಕಾಕಿಮಾ ಅಡುಗೆಮನೆಯಲ್ಲೇ ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಸೂತಕ ಕಳೆದ ಮೇಲೆ ಮೀನಿನ ಊಟ ಬಡಿಸುವುದು ಅವರಲ್ಲಿ ಪದ್ಧತಿ. ಅದಕ್ಕೆ ಮೀನು ತರುವ ಬೆಳಿಗ್ಗೆ ಕಾಕು ನನ್ನನ್ನು ಕರೆಸಿದರು. ಅವರ ಮಗಳು, ಅಳಿಯ ಬಂದು ಮನೆಯಲ್ಲೇ ಇದ್ದರು.

"ಅವಳು ಯಾರ ಹತ್ತಿರ ಕೊಳ್ತಿದ್ದಳು ಅಂತ ನನಗೆ ಗೊತ್ತಿಲ್ಲ ಮಾ. ನೀನು ತೋರಿಸು."

ನಾನು ಮುಂದೆ, ಅವರು ನನ್ನ ತೋಳು ಹಿಡಿದು ಹಿಂದೆ. ಖಾಯಂ ಮೀನಿನವನು ಕೂಗಿದರೂ ನಿಲ್ಲಲಿಲ್ಲ. ಮೂಲೆಯ ಹೆಂಗಸು ನನ್ನನ್ನು ನೋಡಿ ಮುಖವರಳಿಸಿ, "ದೀದಿ ಎಲ್ಲಿ? ಎಷ್ಟು ದಿನವಾಯಿತು!" ಎಂದಳು. ಕಾಕು ನೆಲ ನೋಡುತ್ತ ನಿಂತರು. ನಾನೇ ಹೇಳಬೇಕಾಯಿತು. ನನಗೆ ಬರುವ ಹರಕು ಬಂಗಾಳಿಯಲ್ಲಿ ಆ ಮಾತು ಬಹಳ ಒರಟಾಗಿ ಹೊರಬಿತ್ತು... ಅವಳು ಕೈಯೊರೆಸಿಕೊಂಡು, ಸೆರಗು ತಲೆಗೆಳೆದುಕೊಂಡು ತಕ್ಕಡಿ ಎತ್ತಿದಳು. ಎಷ್ಟು ಬೇಕೆಂದು ಕೇಳಿದಳು.

ಅಷ್ಟು ವರ್ಷ ಬಜಾರು ಮಾಡಿದ ಮನುಷ್ಯ ನನ್ನ ಕಡೆ ತಿರುಗಿದರು. ಮೌರಲಾ ಎಷ್ಟು ಜನಕ್ಕೆ ಎಷ್ಟು ಬೇಕೆಂಬುದು ನನಗೂ ಗೊತ್ತಿರಲಿಲ್ಲ. ಕಾಕು ತಟ್ಟೆ ತೋರಿಸಿ, "ಎಲ್ಲಾ ಕೊಡು," ಎಂದರು.

ಈಗ ಕಾಕು ಮಗಳ ಮನೆಯಲ್ಲಿದ್ದಾರೆ. ಬೆಹಾಲಾದ ಆ ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದಾರಂತೆ. ನಮ್ಮಲ್ಲೂ ಸಂತೆಯ ಜಗಳ ನಿಂತು ಬಹಳ ದಿನವಾಯಿತು. ಯಾರಿಗೆ ಬಿಡುವಿದೆಯೋ ಅವರು ಫೋನು ಒತ್ತುತ್ತೇವೆ, ಬಾಗಿಲಿಗೆ ಚೀಲ ಬರುತ್ತದೆ. ಮೊನ್ನೆ ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕೇಳಿದ.

"ಏನಾತು? ಯಾಕ ಹಿಂಗ ತಿರಗಾಡಾಕತ್ತಿ?"

"ಕಾಕಿಮಾ ನೆನಪಾದ್ರು."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಅವತ್ತು ಕಾಕು ಜೋಡಿ ಹೋದದ್ದು ಬಿಟ್ರ, ಕಾಕಿಮಾ ಹೋದ ಮ್ಯಾಲ ನೀ ಯಾರ ಜೋಡೀನೂ ಸಂತಿಗೆ ಹೋಗಿಲ್ಲ ನೋಡು," ಎಂದ.

ಹೌದು, ಹೋಗಿಲ್ಲ.