ಸೊನ್ನೆ ನೀರಿನ ಬಾಟಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ಆಹಾರದ ಖನಿಜಾಂಶ ಅಳೆಯುತ್ತಿದ್ದೆ. ಕೈಕೆಳಗೆ ಯಾರೂ ಇರಲಿಲ್ಲ, ಸಿಟ್ಟು ಮಾತ್ರ ಬೇಕಾದಷ್ಟಿತ್ತು. ನನ್ನ ಲೆಕ್ಕ ತಪ್ಪು ಎಂದವರಿಗೆ ಎರಡನೇ ಮಾತಾಡಲು ಬಿಟ್ಟವಳೇ ಅಲ್ಲ ನಾನು.

ಒಂದು ಸೋಮವಾರ ಬೀಗ ತೆಗೆಯಲು ಹೋದಾಗ ಸವದತ್ತಿ ಕಡೆಯ ಹೆಣ್ಣುಮಗಳೊಬ್ಬಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳ ಊರಿನ ಮಹಿಳಾ ಸಂಘ ಎಳ್ಳು, ನವಣೆ, ಕಡಲೆ ಹುರಿದು ಅಂಗನವಾಡಿ ಮಕ್ಕಳಿಗೆ ಪುಡಿ ಮಾಡುತ್ತಿತ್ತು. ಪುಡಿಗೆ ಕ್ಯಾಲ್ಸಿಯಂ ಬರುವುದೇ ಹೆಚ್ಚಾಗಿ ಎಳ್ಳಿನಿಂದ, ಆ ಎಳ್ಳಿನ ಜವಾಬ್ದಾರಿ ಇವಳದು. ಹದಿನೈದು ದಿನದ ಹಿಂದೆ ಆ ಪುಡಿಯಲ್ಲಿ ಕ್ಯಾಲ್ಸಿಯಂ ಕಡಿಮೆ ಎಂದು ವರದಿ ಬರೆದವಳು ನಾನೇ.

“ಎಳ್ಳ ಕದ್ದೀನಂತ ಸಂಘದಿಂದ ಹೊರಗ ಹಾಕ್ಯಾರ್ರಿ ಬಾಯಾರ. ಅರ್ಧಾ ಪುಡಿ ನಿಮ್ಮ ಹಂತ್ಯಾಕ ಉಳದೈತೆಲ್ರಿ? ಮತ್ತ ನೋಡ್ರಿ.”

“ಯಂತ್ರ ಸುಳ್ಳ ಹೇಳೂದಿಲ್ಲ ಯಕ್ಕಾ,” ಎಂದೆ. ಆಕೆ ಕುಳಿತಲ್ಲಿಂದ ಏಳಲಿಲ್ಲ. ಹಾಳಾಗಿ ಹೋಗಲಿ ಎಂದು ಒಳಗೆ ಕರೆದೆ.

ನಮ್ಮದು ಜ್ವಾಲೆಯ ಬೆಳಕು ಅಳೆಯುವ ಯಂತ್ರ. ಪುಡಿಯನ್ನು ಸುಟ್ಟು, ಆಮ್ಲದಲ್ಲಿ ಕರಗಿಸಿ ಆ ನೀರನ್ನು ಜ್ವಾಲೆಗೆ ಬಿಟ್ಟರೆ ಕ್ಯಾಲ್ಸಿಯಂ ಇದ್ದಷ್ಟು ಮುಳ್ಳು ಏರುತ್ತದೆ. ಆದರೆ ಮೊದಲು ಮುಳ್ಳಿಗೆ ಪಾಠ ಕಲಿಸಬೇಕು. ಕ್ಯಾಲ್ಸಿಯಂ ಬೆರೆಸದ ನೀರು ತೋರಿಸಿ ಇದು ಸೊನ್ನೆ ಎನ್ನಬೇಕು. ಅಳೆದು ಬೆರೆಸಿದ ನೀರು ತೋರಿಸಿ ಇದು ಇಷ್ಟು, ಇದು ಇಷ್ಟು ಎನ್ನಬೇಕು. ಮುಳ್ಳು ತೋರಿಸಿದ್ದನ್ನು ನಕ್ಷೆ ಕಾಗದದಲ್ಲಿ ಚುಕ್ಕೆ ಇಟ್ಟು, ಆ ಚುಕ್ಕೆಗಳ ಮೇಲೆ ಗೆರೆ ಎಳೆದ ನಂತರವೇ ಪುಡಿಯ ಸರದಿ.

ಎಂದಿನಂತೆ ಹಣೆಗೆ ವಿಭೂತಿ ಹಚ್ಚಿಕೊಂಡು ಯಂತ್ರದ ಮೇಲೂ ಮೂರು ಬೆರಳು ಎಳೆದೆ. ಹಾಗೆ ಮಾಡದೆ ಸ್ವಿಚ್ ಮುಟ್ಟಿದವಳಲ್ಲ ನಾನು. ಸೊನ್ನೆ ನೀರಿನ ಬಾಟಲಿಯ ಮುಚ್ಚಳ ಒಡೆದು ತಿಂಗಳಾಗಿತ್ತು. ಉಳಿದವಕ್ಕೆಲ್ಲ ಗಾಜಿನ ಮುಚ್ಚಳವಿತ್ತು. ಇದರ ಬಾಯಿಗೆ ಮಾತ್ರ ಹೆಬ್ಬೆರಳು ಒತ್ತಿ, ಬುಡಮೇಲು ಮಾಡಿ ಕಲಸಿದೆ.

ಕಡಿಮೆ ಕ್ಯಾಲ್ಸಿಯಂ ಬೆರೆಸಿದ ನೀರಿನ ಚುಕ್ಕೆಗಳು ಒಂದೇ ಗೆರೆಗೆ ಬರದೆ ಕೆಳಕ್ಕೆ ಜಾರಿದವು. ಹೋದ ಸಲವೂ ಹೀಗೇ ಆಗಿತ್ತು. ಜ್ವಾಲೆ ಹೊಯ್ದಾಡಿರಬೇಕೆಂದು ಪಟ್ಟಿ ಇಟ್ಟು ಸೊನ್ನೆಯಿಂದ ನೆಟ್ಟಗೆ ಗೆರೆ ಎಳೆದಿದ್ದೆ. ಈ ಸಲವೂ ಎಳೆದೆ. ಪುಡಿಯಲ್ಲಿ ಕ್ಯಾಲ್ಸಿಯಂ ಮತ್ತೆ ಕಡಿಮೆ.

ಹೇಳಿದೆ. ಆಕೆಯ ಮುಖ ಬಿಳಿಚಿಕೊಂಡಿತು. ಇನ್ನೇನು ಅಳುತ್ತಾಳೆ ಎಂದುಕೊಂಡರೆ, ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

“ಸಿಟ್ಟ ಆಗಬ್ಯಾಡ್ರಿ ಬಾಯಾರ. ವಿಭೂತಿ ಹಚ್ಚಿದ ಕೈ ತೊಳಕೊಂಡ ಮ್ಯಾಲ ನಾವು ಹಿಟ್ಟ ಮುಟ್ಟತೇವಿ. ನೀವು ಹಂಗ ಬಾಟ್ಲಿ ಬಾಯಿಗೆ ಒತ್ತಿದ್ರಿ.”

ಮೈಯೆಲ್ಲ ಉರಿಯಿತು. ಸಾಲೆಯ ಮುಖ ಕಾಣದವಳು ನನಗೆ ಕಲಿಸುವುದೇ! ಬೈಯಲು ಬಾಯಿ ತೆರೆದವಳು ಹೆಬ್ಬೆರಳು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಬಿಳಿ ಇನ್ನೂ ಇತ್ತು. ವಿಭೂತಿಯಲ್ಲಿ ಕ್ಯಾಲ್ಸಿಯಂ ಇರುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಕ್ಯಾಲ್ಸಿಯಂ ಸೇರಿದ ನೀರನ್ನೇ ಸೊನ್ನೆ ಎಂದು ಯಂತ್ರಕ್ಕೆ ನಂಬಿಸಿದ್ದೆ. ಸೊನ್ನೆಯೇ ಮೇಲೆ ಹತ್ತಿ ಕುಳಿತಾಗ ಪುಡಿಯ ಪಾಲು ಕಡಿಮೆ ಕಾಣದೆ ಇನ್ನೇನು?

ಕೈಯನ್ನು ಸಾಬೂನು ಹಚ್ಚಿ ತಿಕ್ಕಿದೆ. ಮುಚ್ಚಳವಿದ್ದ ಬೇರೆ ಬಾಟಲಿ ತೊಳೆದು ಹೊಸ ಸೊನ್ನೆ ನೀರು ಮಾಡಿದೆ. ಪುಡಿ ಈಗಲೂ ಕಡಿಮೆಯೇ ಬರಲಿ, ತಪ್ಪು ನನ್ನದಾಗದಿರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಛೀ, ಎಂಥ ಮನಸ್ಸು ನನ್ನದು! ಚುಕ್ಕೆಗಳು ಒಂದರ ಹಿಂದೊಂದು ಗೆರೆಯ ಮೇಲೆ ಬಂದು ಕೂತವು. ಪುಡಿ ಪಾಸಾಯಿತು.

“ಹೊಸಾ ವರದಿ ಬರದ ಕೊಡತೇನಿ ಯಕ್ಕಾ. ಸಹಿ, ಶಿಕ್ಕಾ ಎಲ್ಲಾ ಹಾಕಿ.”

“ಕಾಗದ ಯಾರ ಓದತಾರ್ರಿ? ನನಗ ಕಳ್ಳಿ ಅಂತ ಬಾಯಿಲೇ ಅಂದಾರ. ನೀವೂ ಬಂದು ಬಾಯಿಲೇ ಹೇಳ್ರಿ.”

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆ ನೋಡುತ್ತ ಕುಳಿತಳು. ಸಂಘದ ಹೆಂಗಸರು ಹುರಿಯುವುದನ್ನು ಬಿಟ್ಟು ಸುತ್ತ ನಿಂತರು. “ತಪ್ಪ ನಂದು. ಈಕಿ ಎಳ್ಳ ಕದ್ದಿಲ್ಲ,” ಎಂದೆ.

ಆಕೆ ಸೆರಗು ಬಿಗಿದುಕೊಂಡು ನನ್ನ ಪಕ್ಕಕ್ಕೆ ಬಂದಳು.

“ಹಿಂದ ನಿಂತವರಿಗೆ ಕೇಳಿಸಿಲ್ಲ ಬಾಯಾರ,” ಎಂದಳು. “ಇನ್ನೊಮ್ಮಿ ಹೇಳ್ರಿ. ಜೋರಾಗಿ.”